ತಮ್ಮನ ನಾಲ್ಕು ತಿಂಗಳ ಸಂಪಾದನೆ

2025 ಜುಲೈ 20, ಭಾನುವಾರ
ಮೈಸೂರು

ಇವತ್ತು ರಜೆ. ಆದರೂ ತಿಂಡಿ ಆದಮೇಲೆ ತಮ್ಮನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಿಡಿದು ಕೂತೆವು. ಅವನು ಸಿವಿಲ್ ಎಂಜಿನಿಯರ್. ಹೋದ ವರ್ಷ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ ಕೆಲಸ ಬಿಟ್ಟ. ಈ ಫೆಬ್ರವರಿಯಲ್ಲಿ ಹೊಸ ಕೆಲಸ ಸಿಕ್ಕಿತು. ನಡುವಿನ ನಾಲ್ಕು ತಿಂಗಳು ಒಂದು ಕನ್ಸಲ್ಟೆನ್ಸಿಯಿಂದ ಸಬ್‌ಕಾಂಟ್ರ್ಯಾಕ್ಟ್ ತಗೊಂಡು ಮನೆಯಲ್ಲೇ ಸ್ಟ್ರಕ್ಚರಲ್ ಡಿಸೈನ್ ಮಾಡಿಕೊಟ್ಟ. ತಿಂಗಳಿಗೆ 45,000 ರೂಪಾಯಿ ಬಿಲ್.

"ಅಕ್ಕ, ಅದು ಟೆಂಪರರಿ ತಾನೆ? ಟಿಡಿಎಸ್ ಬೇರೆ ಹಿಡಿದಿದ್ದಾರೆ. ಎರಡು ಫಾರ್ಮ್ 16 ಇದೆಯಲ್ಲ, ಅಷ್ಟು ಹಾಕಿ ಮುಗಿಸೋಣ" ಅಂದ. ಟಿಡಿಎಸ್ ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ; ಫಾರ್ಮ್ 16 ಅಂದರೆ ಸಂಬಳ, ಅದರ ಮೇಲಿನ ಟಿಡಿಎಸ್ ತೋರಿಸಿ ಕಂಪನಿ ಕೊಡುವ ಪತ್ರ.

ನಾನು ಕೆಲಸ ಮಾಡುವ ಆಡಿಟರ್ ಆಫೀಸಿನಲ್ಲಿ ಈ ಮಾತನ್ನು ಪ್ರತಿ ಜುಲೈನಲ್ಲೂ ಕೇಳುತ್ತೇನೆ. ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ಯಾಕಂದ್ರೆ ಹೀಗೆ ಬಿಟ್ಟು ನಷ್ಟ ಮಾಡಿಕೊಳ್ಳುವವರು ಹೆಚ್ಚಾಗಿ ಸಣ್ಣ ದುಡಿಮೆಯವರೇ.

ಅವನ ಹೆಸರಿನಲ್ಲಿ ಕಟ್ಟಿದ ತೆರಿಗೆಯೆಲ್ಲ ಕಾಣುವ ಇಲಾಖೆಯ ಪಟ್ಟಿ, ಫಾರ್ಮ್ 26ಎಎಸ್, ತೆಗೆದು ತೋರಿಸಿದೆ. ಸಂಬಳದ ಸಾಲುಗಳ ಕೆಳಗೆ ಆ ಕನ್ಸಲ್ಟೆನ್ಸಿಯ ಹೆಸರು, ಸೆಕ್ಷನ್ 194ಜೆ (ವೃತ್ತಿ ಶುಲ್ಕದ ಟಿಡಿಎಸ್), ಹತ್ತು ಪರ್ಸೆಂಟ್ ಕಡಿತ, ಎಲ್ಲ ಇದೆ. ಅವನ ಪ್ಯಾನ್ ಮೇಲೆ ಇಲಾಖೆಗೆ ಈಗಾಗಲೇ ಗೊತ್ತಿರುವ ದುಡ್ಡು ಅದು. ರಿಟರ್ನಿನಲ್ಲಿ ಬಿಟ್ಟರೆ ಇವತ್ತಲ್ಲ ನಾಳೆ ನೋಟಿಸ್ ಬರಬಹುದು.

ಇನ್ನೊಂದು ವಿಷಯ ಅವನಿಗೆ ಹೊಳೆದಿರಲಿಲ್ಲ. ಬ್ಯಾಂಕಿಗೆ ಬಂದದ್ದು ತಿಂಗಳಿಗೆ 40,500, ಒಟ್ಟು 1,62,000. ಆದರೆ ರಿಟರ್ನಿನಲ್ಲಿ ತೋರಿಸಬೇಕಾದ್ದು ಬಿಲ್ಲಿನ ಪೂರ್ತಿ ಮೊತ್ತ, 1,80,000. ಹಿಡಿದ 18,000 ಅವನ ಹೆಸರಿನಲ್ಲಿ ಕಟ್ಟಿದ ತೆರಿಗೆ.

ಇದು ಸಂಬಳ ಅಲ್ಲ, ವೃತ್ತಿಯ ಆದಾಯ. ಹಾಗಾಗಿ ಸಂಬಳದವರ ಸರಳ ರಿಟರ್ನ್ ಫಾರ್ಮ್ ಐಟಿಆರ್-1 ನಡೆಯುವುದಿಲ್ಲ. ಎಷ್ಟೋ ಜನ ಇದನ್ನು 'ಇತರ ಮೂಲ' ಅಂತ ಅದರೊಳಗೇ ತುರುಕುತ್ತಾರೆ. ಹಾಗೆ ಮಾಡಬಾರದು. ಸಣ್ಣ ವ್ಯಾಪಾರ, ವೃತ್ತಿಯವರ ಫಾರ್ಮ್ ಐಟಿಆರ್-4 ತೆಗೆದೆವು. ಎಂಜಿನಿಯರಿಂಗ್ ವೃತ್ತಿಗೆ ಸೆಕ್ಷನ್ 44ಎಡಿಎ ಸಿಗುತ್ತದೆ: ಬಂದದ್ದರಲ್ಲಿ ಕನಿಷ್ಠ ಅರ್ಧವನ್ನು ಲಾಭ ಅಂತ ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಇಡಬೇಕಿಲ್ಲ. ಲಾಭ ಜಾಸ್ತಿ ತೋರಿಸುತ್ತೇನೆ ಅಂದರೆ ಅದಕ್ಕೂ ಅಡ್ಡಿಯಿಲ್ಲ. ಎಲ್ಲ ವೃತ್ತಿಗೂ ಈ ಅನುಕೂಲ ಇಲ್ಲ, ಕಾನೂನಿನಲ್ಲಿ ಹೆಸರಿಸಿದ ಕೆಲವಕ್ಕೆ ಮಾತ್ರ. ಜಿಎಸ್‌ಟಿ ಪ್ರಶ್ನೆ ಇಷ್ಟು ಸಣ್ಣ ಮೊತ್ತಕ್ಕೆ ಏಳಲಿಲ್ಲ.

ಲೆಕ್ಕ ಹಾಕಿದೆವು. ಎರಡೂ ಕಡೆಯ ಸಂಬಳ ಸೇರಿ 5,00,000. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 4,25,000. ಅದಕ್ಕೆ ಡಿಸೈನ್ ಕೆಲಸದ 1,80,000ದ ಅರ್ಧ, 90,000, ಸೇರಿಸಿದರೆ 5,15,000. 2024-25ರ ಆದಾಯಕ್ಕೆ ಏಳು ಲಕ್ಷದವರೆಗೆ ಸೆಕ್ಷನ್ 87ಎ ರಿಬೇಟ್ (ತೆರಿಗೆ ರಿಯಾಯಿತಿ) ಇದೆ, ಕಟ್ಟಬೇಕಾದ ತೆರಿಗೆ ಸೊನ್ನೆ. ಅಂದರೆ ಆ 18,000 ಅವನಿಗೆ ವಾಪಸ್ ಬರಬೇಕಾದ ದುಡ್ಡು! ಎರಡು ಫಾರ್ಮ್ 16 ಹಾಕಿ ಮುಗಿಸಿದ್ದರೆ ಅದು ಸುಮ್ನೆ ಹೋಗುತ್ತಿತ್ತು, ಅಲ್ವಾ?

ಒಂದೇ ಒಂದು ತೊಡಕು. 26ಎಎಸ್‌ನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 13,500 ಮಾತ್ರ ಕಾಣುತ್ತಿದೆ. ಜನವರಿಯ 4,500 ಇಲ್ಲ. ಹಿಡಿದದ್ದು ನಿಜ, ಬ್ಯಾಂಕಿಗೆ 40,500 ಮಾತ್ರ ಬಂದಿದೆ. ಕನ್ಸಲ್ಟೆನ್ಸಿಯವರು ಜನವರಿ-ಮಾರ್ಚ್ ತ್ರೈಮಾಸಿಕದ ಟಿಡಿಎಸ್ ರಿಟರ್ನ್ ಮೇ 31ರೊಳಗೆ ಹಾಕಬೇಕಿತ್ತು, ಫಾರ್ಮ್ 16ಎ (ಸಂಬಳವಲ್ಲದ ದುಡ್ಡಿನ ಟಿಡಿಎಸ್ ಪತ್ರ) ಜೂನ್ 15ರೊಳಗೆ ಕೊಡಬೇಕಿತ್ತು. ದುಡಿದವನ ಕೈಯಿಂದ ಹಿಡಿದು ಸರ್ಕಾರಕ್ಕೆ ತಲುಪಿಸದೇ ಇರುವುದು ನನಗೆ ಸಹಿಸಲಾಗದ ವಿಷಯ. ಹಿಡಿದಾದ ಮೇಲೆ ಆ ತೆರಿಗೆಯನ್ನು ಮತ್ತೆ ದುಡಿದವನಿಂದ ಕೇಳುವಂತಿಲ್ಲ ಅಂತ ಸೆಕ್ಷನ್ 205 ಹೇಳುತ್ತದೆ. ಆದರೂ ಆನ್‌ಲೈನಿನಲ್ಲಿ ಕಾಣದಿದ್ದರೆ ರಿಫಂಡ್ ಸಿಕ್ಕಿಹಾಕಿಕೊಳ್ಳುತ್ತದೆ.

ಈ ವರ್ಷ ರಿಟರ್ನ್ ಹಾಕುವ ಕೊನೆಯ ದಿನಾಂಕವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದಾರೆ. ಅವಸರವಿಲ್ಲ. ಜನವರಿ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಲಗತ್ತಿಸಿ ಆ ಕನ್ಸಲ್ಟೆನ್ಸಿಗೆ ಮೇಲ್ ಬರೆಸಿದ್ದೇನೆ, 16ಎ ಕೇಳಿ. ನಾಳೆ ಮಧ್ಯಾಹ್ನದೊಳಗೆ ಉತ್ತರ ಬರದಿದ್ದರೆ ಅವನೇ ಫೋನ್ ಮಾಡುತ್ತಾನೆ.