ಹಿಂದಿನ ಸಾಲಿಗೂ ಕೇಳುವ ದನಿ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಕರೆಂಟ್ ಹೋದ ಒಂದು ಸಂಜೆ. ಆ ಸಂಜೆಯ ಕಥೆ ಹೇಳಬೇಕಾದರೆ ರಂಗನಟಿ, ಗಾಯಕಿ ಬಿ. ಜಯಶ್ರೀ ಅವರಿಂದ ಶುರು ಮಾಡಬೇಕು. ಅವರು ನಮ್ಮ ಕಾಲೇಜಿಗೆ ಬಂದವರಲ್ಲ, ನನಗೆ ಪಾಠ ಹೇಳಿದವರೂ ಅಲ್ಲ. ಆದರೂ ತುಮಕೂರಿನಲ್ಲಿ ಬಿ.ಎ. ಓದಿದ ಆ ಮೂರು ವರ್ಷಗಳಲ್ಲಿ ನಾನು ಏನು ಕಲಿತೆ ಅಂತ ಯಾರಾದರೂ ಕೇಳಿದರೆ ಅವರ ಹೆಸರೇ ಬಾಯಿಗೆ ಬರುತ್ತದೆ. ನಮ್ಮ ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು.

ನನ್ನ ದನಿ ಚಿಕ್ಕಂದಿನಿಂದಲೂ ದಪ್ಪ. ಪಕ್ಕದ ಮನೆಗೆ ಹೋಗಿ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರು "ಹೇಳಪ್ಪಾ" ಎಂದೇ ಶುರು ಮಾಡುತ್ತಿದ್ದರು. ಊರಲ್ಲಿ "ಗಂಡುದನಿ" ಎನ್ನುತ್ತಿದ್ದರು. ಅಮ್ಮನಿಗೆ ಇದೊಂದು ಚಿಂತೆ. ಗಂಡಿನ ಕಡೆಯವರು ಬಂದಾಗ ಜಾಸ್ತಿ ಮಾತಾಡಬೇಡ, ಕಾಫಿ ಕೊಟ್ಟು ಒಳಗೆ ಬಂದುಬಿಡು ಎಂದು ಪಿಯುಸಿಯಲ್ಲೇ ಹೇಳಿಕೊಟ್ಟಿದ್ದಳು. ಹಾಗಾಗಿ ನಾನು ಕಾಲೇಜಿಗೆ ಬಂದಾಗ ಪಿಸುಪಿಸು ಮಾತಾಡುವ ಹುಡುಗಿ. ಹಾಜರಿ ಕರೆದರೂ ಕೈ ಎತ್ತುತ್ತಿದ್ದೆನೇ ಹೊರತು "ಪ್ರೆಸೆಂಟ್ ಸರ್" ಅನ್ನುತ್ತಿರಲಿಲ್ಲ.

ಕನ್ನಡ ಮೇಷ್ಟ್ರಿಗೆ ನಾಟಕದ ಹುಚ್ಚು. ಮೊದಲ ವರ್ಷದ ನಾಟಕಕ್ಕೆ ಹೆಸರು ಕೊಟ್ಟೆ. ಸಿಕ್ಕಿದ್ದು ದೂತನ ಪಾತ್ರ. ಒಂದೇ ಮಾತು. "ಮಹಾಪ್ರಭು, ಶತ್ರುಸೈನ್ಯ ಕೋಟೆಯ ಬಾಗಿಲಿಗೆ ಬಂದಿದೆ." ಅದನ್ನೂ ನಾನು ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಪಕ್ಕದಲ್ಲೇ ಇದ್ದ ಮಹಾಪ್ರಭು "ಏನು?" ಎಂದು ನಿಜವಾಗಲೂ ಕೇಳಿದ. ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ಗ್ರೀನ್ ರೂಮಿಗೆ ಬಂದು, "ನಿನ್ನೊಳಗೆ ಇಷ್ಟು ದೊಡ್ಡ ದನಿ ಇಟ್ಟುಕೊಂಡು ಯಾಕಮ್ಮಾ ಬಚ್ಚಿಡ್ತೀಯ? ಜಯಶ್ರೀ ಅವರದ್ದು ಕೇಳಿದೀಯಾ?" ಎಂದರು. ಕೇಳಿರಲಿಲ್ಲ. ಕೇಳಿದ್ದೆ, ಆದರೆ ಗೊತ್ತಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ನಮ್ಮದು ಗುಬ್ಬಿ ಪಕ್ಕದ ಹಳ್ಳಿ. ಅಜ್ಜಿ ಹೆಸರು ಕೇಳಿದ ಕೂಡಲೇ, "ಅವಳು ವೀರಣ್ಣನ ಮೊಮ್ಮಗಳಲ್ವೇನೆ, ಮಾಲತಮ್ಮನ ಮಗಳು" ಎಂದಳು, ನೆಂಟರ ಮನೆ ಸುದ್ದಿ ಹೇಳುವ ಹಾಗೆ. ನಮ್ಮ ಕಡೆಯ ಹಳಬರಿಗೆಲ್ಲ ಗುಬ್ಬಿ ನಾಟಕ ಕಂಪನಿಯವರು ಹಾಗೇ, ನೆಂಟರೇ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಅದು. 1891ರಲ್ಲಿ ಹುಟ್ಟಿದ ವೀರಣ್ಣನವರು ಹುಡುಗನಾಗಿದ್ದಾಗಲೇ ಸೇರಿ, ಆಮೇಲೆ ಅದರ ಯಜಮಾನರೇ ಆದರು. ಅಜ್ಜಿ ಮದುವೆಯಾದ ಹೊಸದರಲ್ಲಿ ಗಾಡಿ ಕಟ್ಟಿಸಿಕೊಂಡು 'ಕುರುಕ್ಷೇತ್ರ' ನೋಡಲು ಹೋಗಿದ್ದಳಂತೆ. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ. "ಆನೆ ಬಂದಾಗ ನಿಮ್ಮ ತಾತ ನನ್ನ ಕೈ ಹಿಡ್ಕೊಂಡ್ರು, ಹೆದರಿ" ಎಂದು ಹೇಳಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರವನ್ನಂತೂ ಅವಳು ಅಡುಗೆಮನೆಯಲ್ಲೇ ಮಾಡಿ ತೋರಿಸುತ್ತಿದ್ದಳು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅಷ್ಟು ಜನರಿಗೆ ಕೇಳಿಸ್ತಿತ್ತಾ ಅಜ್ಜಿ? ಮೈಕ್ ಇತ್ತಾ?"

"ಮೈಕು ಯಾಕೆ? ಗಂಟಲಿರಲಿಲ್ವಾ?"

ಅದೇ ವಿಷಯ. ಕಂಪನಿ ನಾಟಕ ನಡೆಯುತ್ತಿದ್ದದ್ದು ತಗಡಿನ ಶೆಡ್ಡಿನಲ್ಲಿ. ಮಳೆ ಬಂದರೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಕುರ್ಚಿಯಲ್ಲಿ ಕೂತ ಸಾಹುಕಾರರಿಗೂ, ಎಲ್ಲರಿಗಿಂತ ಹಿಂದೆ ನೆಲದ ಮೇಲೆ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದವಳಿಗೂ ಮಾತು ಕೇಳಬೇಕು. ಹಿಂದೆ ಕೂತವರಿಗೆ ಕೇಳದಿದ್ದರೆ ಶಿಳ್ಳೆ ಬೀಳುತ್ತದೆ, ನಾಳೆ ಗಲ್ಲಾಪೆಟ್ಟಿಗೆ ಖಾಲಿ. 1950ರಲ್ಲಿ ಹುಟ್ಟಿದ ಜಯಶ್ರೀ ಬೆಳೆದದ್ದು ಇದರ ನಡುವೆ. ಬಣ್ಣದ ವಾಸನೆ, ಹಾರ್ಮೋನಿಯಂ, ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ಟ್ರಂಕುಗಳು. ಆ ದನಿ ಬಂದದ್ದು ಅಲ್ಲಿಂದ.

ಆದರೆ ಅವರು ಅಲ್ಲೇ ನಿಲ್ಲಲಿಲ್ಲ ನೋಡಿ. ನನಗೆ ಅವರ ಬಗ್ಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. ಕಂಪನಿ ಮನೆತನದ ಹುಡುಗಿ ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆ ಸೇರಿದರು. ಆಗ ಅಲ್ಲಿ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರಾಗಿದ್ದ ಕಾಲ. ಶಿಸ್ತು ಅಂದರೆ ಶಿಸ್ತು. ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ, ಮೊಮ್ಮಗಳು ಓದು ಮುಗಿಸಿದ್ದು 1973ರಲ್ಲಿ. ಒಂದು ವರ್ಷದ ಅಂತರ. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸುಮ್ನೆ ಸಂಕಟವಾಗುತ್ತದೆ. ಇದೇ ದಾರಿಯಲ್ಲಿ ಜಯಶ್ರೀ ಅವರಿಗಿಂತ ಮುಂಚೆ ನಡೆದವರು ರಂಗನಿರ್ದೇಶಕ ಬಿ.ವಿ. ಕಾರಂತರು. ಅವರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ಕೊನೆಗೆ ಅದೇ ನಾಟಕ ಶಾಲೆಗೆ ಹೋದವರು. ಕಂಪನಿ ನಾಟಕ ಬೇರೆ, ಹವ್ಯಾಸಿ ನಾಟಕ ಬೇರೆ, ಇವರ ನೀರು ಅವರು ಕುಡಿಯುವುದಿಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದ ಕಾಲ ಅದು. ಜಯಶ್ರೀ ಎರಡೂ ಮನೆಯಲ್ಲಿ ಉಂಡವರು. 1976ರಲ್ಲಿ ಬೆಂಗಳೂರಿನಲ್ಲಿ 'ಸ್ಪಂದನ' ನಾಟಕ ತಂಡ ಕಟ್ಟಿದರು. ತಾತನ ಕಾಲದ 'ಸದಾರಮೆ'ಗೂ ಅಲ್ಲಿ ಜಾಗ ಸಿಕ್ಕಿತು, ಚಂದ್ರಶೇಖರ ಕಂಬಾರರ 'ಕರಿಮಾಯಿ'ಗೂ ಸಿಕ್ಕಿತು, ಜನಪದ ಕಥೆಯಿಂದ ಎದ್ದು ಬಂದ 'ಲಕ್ಷಾಪತಿ ರಾಜನ ಕಥೆ'ಗೂ ಸಿಕ್ಕಿತು.

ನಾವು ನೋಡಿದ್ದು ಇದೇ 'ಲಕ್ಷಾಪತಿ ರಾಜನ ಕಥೆ'. 1991. ಮೇಷ್ಟ್ರು ನಮ್ಮ ಎಂಟು ಜನರನ್ನು ಕೆಂಪು ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಮೆಜೆಸ್ಟಿಕ್‌ನಲ್ಲಿ ಇಳಿದು ಇಡ್ಲಿ ತಿಂದು, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಸೇರುವ ಹೊತ್ತಿಗೆ ಮೂರನೇ ಬೆಲ್ ಆಗಿಬಿಟ್ಟಿತ್ತು. ಕತ್ತಲೆಯಲ್ಲಿ ಯಾರದೋ ಕಾಲು ತುಳಿದುಕೊಂಡು ಬಾಲ್ಕನಿಯ ಕೊನೆಯ ಸಾಲಿಗೆ ಹೋದೆವು. ನಾನಿನ್ನೂ ಕೂತಿರಲಿಲ್ಲ. ಸೀಟಿನ ಹಲಗೆ ಕೆಳಗೆ ಮಾಡುತ್ತಿದ್ದೆ. ಆಗ ಕೇಳಿಸಿತು. ತಿರುಗಿ ನೋಡಿದೆ, ಹಿಂದೆ ಯಾರಾದರೂ ಹಾಡುತ್ತಿದ್ದಾರಾ ಅಂತ. ಹಿಂದೆ ಗೋಡೆ.

ಅದು ನಯವಾದ ದನಿ ಅಲ್ಲ. ರೇಡಿಯೋದಲ್ಲಿ ಬರುವ ಭಾವಗೀತೆಯ ದನಿಯೂ ಅಲ್ಲ. ರಾಗಿ ಬೀಸುವ ಕಲ್ಲಿನ ಹಾಗೆ ಗರಗರ ಅನ್ನುತ್ತಾ, ಒಮ್ಮೆಲೇ ಮೇಲೆ ಹೋಗಿ ಅಲ್ಲೇ ನಿಲ್ಲುವ ದನಿ. ಪದ ಒಂದೂ ಕೆಡುತ್ತಿರಲಿಲ್ಲ. ಹಾಡಿನ ಮಧ್ಯೆ ಮಾತು, ಮಾತಿನ ಮಧ್ಯೆ ಹಾಡು, ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಅದಕ್ಕಿಂತ ನನಗೆ ಮುಖ್ಯವಾಗಿದ್ದು ಇನ್ನೊಂದು. ಅದು ದಪ್ಪ ದನಿ. ನನ್ನ ದನಿಯ ಹಾಗೆ. ಅದನ್ನು ಕೇಳಿ ಇಡೀ ಕಲಾಕ್ಷೇತ್ರ ಚಪ್ಪಾಳೆ ಹೊಡೆಯುತ್ತಿದೆ. ಯಾರೂ "ಗಂಡುದನಿ" ಅನ್ನುತ್ತಿಲ್ಲ.

ನಾಟಕ ಮುಗಿದ ಮೇಲೆ ಮೇಷ್ಟ್ರು "ಹೋಗಿ ಮಾತಾಡಿಸ್ರೋ" ಎಂದರು. ಏಳು ಜನ ಹೋದರು. ನಾನು ಮೆಟ್ಟಿಲ ಕೆಳಗೆ ಚಪ್ಪಲಿ ಸರಿ ಮಾಡಿಕೊಳ್ಳುತ್ತಾ ನಿಂತುಬಿಟ್ಟೆ. ಚಪ್ಪಲಿಗೆ ಏನೂ ಆಗಿರಲಿಲ್ಲ. ಕೊನೆಯ ತುಮಕೂರು ಬಸ್ಸು ಹೋಗಿ, ದಾವಣಗೆರೆ ಕಡೆಯ ರಾತ್ರಿ ಬಸ್ಸಿನಲ್ಲಿ ನಿಂತುಕೊಂಡು ಬಂದೆವು. ಮಧ್ಯರಾತ್ರಿ ಹಾಸ್ಟೆಲಿನ ಗೇಟು ತೆಗೆಸಲು ಮೇಷ್ಟ್ರು ಪಟ್ಟ ಪಾಡು ಬರೆದರೆ ಅದೇ ಒಂದು ನಾಟಕ.

ಈಗ ಕರೆಂಟ್ ಹೋದ ಸಂಜೆ. ಮೂರನೇ ವರ್ಷದ ಕಾಲೇಜ್ ಡೇ. ಈ ಸಲ ನನಗೆ ಊರಗೌಡತಿಯ ಪಾತ್ರ, ದೊಡ್ಡದು. ಎರಡನೇ ದೃಶ್ಯದಲ್ಲಿ ಲೈಟು, ಮೈಕು ಎರಡೂ ಹೋದವು. ಸಭಾಂಗಣದಲ್ಲಿ ಹೋ ಎಂದು ಗಲಾಟೆ. ಯಾರೋ ಪೆಟ್ರೋಮ್ಯಾಕ್ಸ್ ತಂದು ರಂಗದ ಮುಂದೆ ಇಟ್ಟರು. ನಾನು ಕಲಾಕ್ಷೇತ್ರದ ಬಾಲ್ಕನಿಯನ್ನು ನೆನೆಸಿಕೊಂಡೆ. ಹೊಟ್ಟೆಯಿಂದ ದನಿ ಎತ್ತಿದೆ. ಗಲಾಟೆ ನಿಂತಿತು. ಹಿಂದಿನ ಬಾಗಿಲಲ್ಲಿ ನಿಂತಿದ್ದ ಸೈಕಲ್ ಸ್ಟ್ಯಾಂಡಿನವನಿಗೂ ಕೇಳಿಸಿತಂತೆ. ಹತ್ತು ನಿಮಿಷ ಹಾಗೇ ನಡೆಯಿತು. ಆಮೇಲೆ ಮಾತು ಮರೆತುಹೋಯಿತು. ವಿಂಗಿನಲ್ಲಿದ್ದ ಪ್ರಾಂಪ್ಟರ್ ಕಡೆ ತಿರುಗಿ "ಮುಂದೇನೇ?" ಎಂದು ಕೇಳಿದೆ. ಅದೂ ಅದೇ ದನಿಯಲ್ಲಿ. ಹೊಟ್ಟೆಯಿಂದ. ಅದೂ ಸೈಕಲ್ ಸ್ಟ್ಯಾಂಡಿನವನಿಗೆ ಕೇಳಿಸಿತು. ನನ್ನ ಬ್ಯಾಚಿನವರು ಇವತ್ತಿಗೂ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು ಕರೆಯುವುದು "ಮುಂದೇನೇ" ಅಂತಲೇ.

ಕೇಳಿದ್ದೆ ಆದರೆ ಗೊತ್ತಿರಲಿಲ್ಲ ಎಂದೆನಲ್ಲ, ಅದು ಹೀಗೆ. ಜಯಶ್ರೀ ಕನ್ನಡ ಸಿನಿಮಾದಲ್ಲಿ ಎಷ್ಟೋ ನಾಯಕಿಯರಿಗೆ ದನಿ ಕೊಟ್ಟವರು. ಮಾಧವಿ, ಅಂಬಿಕಾ, ಜಯಪ್ರದಾ ಅಂಥ ನಟಿಯರ ತುಟಿಯಿಂದ ನಾವು ಕೇಳಿದ ಕನ್ನಡದಲ್ಲಿ ಎಷ್ಟೋ ಇವರದ್ದು. ಗುಬ್ಬಿಯ ಟೆಂಟಿನಲ್ಲಿ ಮರಳಿನ ಮೇಲೆ ಕೂತು ನಾನು ಅತ್ತದ್ದು ಯಾರ ಮುಖ ನೋಡಿ, ಯಾರ ದನಿ ಕೇಳಿ? ಡಬ್ಬಿಂಗ್ ಅಂದರೆ ಕತ್ತಲೆ ಕೋಣೆಯಲ್ಲಿ ನಿಂತು ಇನ್ನೊಬ್ಬರ ತುಟಿಗೆ ನಮ್ಮ ಉಸಿರು ಹೊಂದಿಸುವ ಕೆಲಸ. ಬಾಲ್ಕನಿ ತುಂಬುವ ಆ ದನಿಯನ್ನು ಇಷ್ಟೇ ಇಷ್ಟು ಮಾಡಿ ನಾಯಕಿಯ ಬಾಯಿಗೆ ಅಳತೆಗೆ ಸರಿಯಾಗಿ ಕೂರಿಸಬೇಕು. ದೊಡ್ಡ ದನಿ ಇದ್ದವರಿಗೆ ಕೂಗುವುದು ಸುಲಭ, ತಗ್ಗಿಸುವುದು ಕಷ್ಟ. ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಪರದೆಯ ಮೇಲೆ ಅವರನ್ನು ಅವರ ಮುಖದ ಜೊತೆಗೇ ನೋಡಿ ಖುಷಿಪಟ್ಟದ್ದು 1997ರಲ್ಲಿ. ಗಿರೀಶ್ ಕಾರ್ನಾಡರ 'ನಾಗಮಂಡಲ'ವನ್ನು ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಅದರಲ್ಲಿ ಜಯಶ್ರೀ ಕುರುಡವ್ವ. ನಾನಾಗ ಬ್ಯಾಂಕ್ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಕುರುಡವ್ವ ಮಾತಾಡಲು ಶುರು ಮಾಡಿದ ಕೂಡಲೇ ಪಕ್ಕದಲ್ಲಿದ್ದ ನಮ್ಮೆಜಮಾನರಿಗೆ "ಇವರೇ, ಇವರೇ" ಎಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಹೌದು, ಮತ್ತೆ ಜೋರಾಗಿತ್ತು.

ಪ್ರಶಸ್ತಿ, ಸ್ಥಾನಗಳ ವಿಷಯ ಬೇಗ ಹೇಳಿಬಿಡುತ್ತೇನೆ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ. ಸ್ವಲ್ಪ ಕಾಲ ಮೈಸೂರಿನ ರಂಗಾಯಣದ ನಿರ್ದೇಶಕಿ. 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ರಾಜ್ಯಸಭೆಯ ಸುದ್ದಿ ಪೇಪರಿನಲ್ಲಿ ಬಂದ ದಿನ ನಮ್ಮ ಬ್ರಾಂಚಿನಲ್ಲಿ ಎಲ್ಲರಿಗೂ ನಾನೇ ಮೈಸೂರು ಪಾಕ್ ಹಂಚಿದೆ. ಯಾಕೆ ಎಂದು ಕೇಳಿದವರಿಗೆ "ನಮ್ಮೂರವರು" ಎಂದೆ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಆದರೇನು, ಅಜ್ಜಿ ಇದ್ದಿದ್ದರೆ ಅವಳೂ ಹಾಗೇ ಹೇಳುತ್ತಿದ್ದಳು.

ಅವರ ಆತ್ಮಕಥೆಯ ಹೆಸರು 'ಕಣ್ಣಾಮುಚ್ಚೇ ಕಾಡೇಗೂಡೇ'. ಅವರು ಹೇಳುತ್ತಾ ಹೋದದ್ದನ್ನು ಪ್ರೀತಿ ನಾಗರಾಜ್ ಬರಹಕ್ಕೆ ಇಳಿಸಿದ್ದಾರೆ. ಹೇಳಿ ಬರೆಸಿದ್ದು ಬರೆದ ಹಾಗಾಗುತ್ತಾ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೊಂಕು ತೆಗೆದರು. ನನಗೇನೋ ರಂಗದವರ ಪುಸ್ತಕ ಹೀಗೆ ಬಾಯಿಂದಲೇ ಬರಬೇಕು ಅನ್ನಿಸುತ್ತದೆ. ಕಾರಂತರ ಆತ್ಮಕಥೆಯನ್ನೂ ವೈದೇಹಿಯವರು ಹೀಗೇ ಕೇಳಿಸಿಕೊಂಡು ಬರೆದದ್ದು. ಆ ಪುಸ್ತಕ ಓದುವಾಗ ಕಾರಂತರು ಎದುರಿಗೆ ಕೂತು ಮಾತಾಡಿದ ಹಾಗೇ ಇರುತ್ತದೆ. ಮೇಜಿನ ಮುಂದೆ ಕೂತು ತಿದ್ದಿ ತಿದ್ದಿ ಬರೆದಿದ್ದರೆ ಅದು ಸಿಗುತ್ತಿತ್ತಾ? ನನಗೆ ಅನುಮಾನ.

ಜಯಶ್ರೀ ಅವರ ಪುಸ್ತಕದ ಹೆಸರು ನೋಡಿ, ನಾವೆಲ್ಲ ಚಿಕ್ಕವರಿದ್ದಾಗ ಆಡಿದ ಆಟದ ಹಾಡು. ಒಬ್ಬರ ಕಣ್ಣು ಮುಚ್ಚಿ, ಉದ್ದಿನ ಮೂಟೆ ಉರುಳಿಸಿ, ಉಳಿದವರೆಲ್ಲ ಬಚ್ಚಿಟ್ಟುಕೊಳ್ಳುವ ಆಟ. ಪುಸ್ತಕ ಕೊಂಡು ತಂದ ದಿನ ನಮ್ಮ ಮೇಷ್ಟ್ರು ಗ್ರೀನ್ ರೂಮಿನಲ್ಲಿ ಕೇಳಿದ್ದು ನೆನಪಾಯಿತು, ಯಾಕಮ್ಮಾ ಬಚ್ಚಿಡ್ತೀಯ ಅಂತ. ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಒಂದು ಪ್ರತಿ ಕಳಿಸುತ್ತಿದ್ದೆ.

ಆ ಪುಸ್ತಕವನ್ನು ನಾನು ಮನಸ್ಸಿನಲ್ಲೇ ಓದಲು ನೋಡಿದೆ, ಆಗಲಿಲ್ಲ. ಎರಡನೇ ಪುಟಕ್ಕೇ ದನಿ ಎದ್ದುಬಿಟ್ಟಿತು. ಓದುತ್ತಾ ಓದುತ್ತಾ ಎಲ್ಲಿಗೋ ಹೋಗಿದ್ದೆ. ಅಡುಗೆಮನೆಯಿಂದ ಯಜಮಾನರು ಲೋಟ ಹಿಡಿದುಕೊಂಡು ಬಂದು ಬಾಗಿಲಲ್ಲಿ ಇಣುಕಿ ನೋಡಿದರು.

"ಯಾರೋ ಬಂದಿದಾರೆ ಅಂದ್ಕೊಂಡು ಇನ್ನೊಂದು ಕಾಫಿ ಮಾಡ್ಬಿಟ್ನಲ್ಲೇ" ಎಂದರು.