ಸತುವಿನ ತಗಡು, ಸಯನೈಡ್ ದಿಬ್ಬ

ಮೈಸೂರಿನ ಕಾವಾ ಕಲಾ ಕಾಲೇಜಿಗೆ ನಾನು ಬಂದದ್ದು ಪೇಂಟಿಂಗ್ ಕಲಿಯಬೇಕೆಂದು. ಗ್ರಾಫಿಕ್ಸ್, ಅಂದರೆ ಮುದ್ರಣ ಕಲೆಯ ವಿಭಾಗದ ಕಡೆಗೆ ನನ್ನನ್ನು ಎಳೆದದ್ದು ಸತುವಿನ ತಗಡು. ಮೊದಲ ವರ್ಷದಲ್ಲಿ ನಮಗೆ ಎಲ್ಲ ವಿಭಾಗಗಳನ್ನೂ ತೋರಿಸುತ್ತಿದ್ದಾಗ ಎಚ್ಚಿಂಗ್ (ತಗಡನ್ನು ಆ್ಯಸಿಡ್‌ನಿಂದ ಕೊರೆದು ಮುದ್ರಿಸುವ ವಿಧಾನ) ಮೇಷ್ಟ್ರು ಮೇಣದ ಲೇಪ ಹಚ್ಚಿದ ಒಂದು ತಗಡನ್ನು ನೈಟ್ರಿಕ್ ಆ್ಯಸಿಡ್‌ಗೆ ಇಳಿಸಿದರು. ಸೂಜಿಯಿಂದ ಗೆರೆ ಎಳೆದು ಲೇಪ ತೆಗೆದ ಕಡೆಯಷ್ಟೇ ಗುಳ್ಳೆಗಳು ಎದ್ದವು. ಅವನ್ನು ಹಕ್ಕಿಯ ಗರಿಯಿಂದ ಸವರುತ್ತಾ, "ಇಲ್ಲಿ ಅರ್ಧ ಚಿತ್ರ ನೀವು ಬರೀತೀರಿ, ಇನ್ನರ್ಧ ಆ್ಯಸಿಡ್ ಬರೆಯುತ್ತೆ" ಎಂದರು. ನಾನು ಕೆಜಿಎಫ್ ಹುಡುಗಿ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಅದಿರನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ, ಆಮೇಲೆ ಸತುವನ್ನು ಸೇರಿಸಿದರೆ ಚಿನ್ನ ಮತ್ತೆ ಬೇರೆಯಾಗುತ್ತದೆ ಎಂದು ಅವರು ಹೇಳಿದ್ದನ್ನು ಕೇಳಿ ಬೆಳೆದವಳು. ಅದೇ ಸತುವಿನ ಮೇಲೆ ಚಿತ್ರವನ್ನೂ ತೆಗೆಯಬಹುದು ಎಂದು ಕಂಡ ಮೇಲೆ ಬೇರೆ ವಿಭಾಗ ಯೋಚಿಸಲಿಲ್ಲ.

ಆ ಮೇಷ್ಟ್ರು ಕೆಲಸದಲ್ಲಿ ತುಂಬ ಕಟ್ಟುನಿಟ್ಟು. ತಗಡಿನ ಅಂಚನ್ನು ಅರದಿಂದ ಉಜ್ಜಿ ಇಳಿಜಾರು ಮಾಡದೆ ಯಾರೂ ಪ್ರೆಸ್ ಹತ್ತಿರ ಹೋಗುವಂತಿರಲಿಲ್ಲ. ಚೂಪಾದ ಅಂಚು ಕಾಗದವನ್ನೂ ಮೇಲಿನ ಉಣ್ಣೆಯ ಹೊದಿಕೆಯನ್ನೂ ಕತ್ತರಿಸಿಬಿಡುತ್ತದೆ. ಆಕ್ವಾಟಿಂಟ್‌ಗೆ (ಗೆರೆಯ ಬದಲು ಬೂದು-ಕಪ್ಪು ಛಾಯೆ ತರುವ ಎಚ್ಚಿಂಗ್ ವಿಧಾನ) ರಾಳದ ಪುಡಿ ಉದುರಿಸುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟಲೇಬೇಕು. ಒಬ್ಬ ಹುಡುಗ ಸುಮ್ಮನೆ ನಿಂತಿದ್ದಕ್ಕೆ ಇಡೀ ತರಗತಿಯನ್ನು ಹೊರಗೆ ಕಳಿಸಿ, "ಧೂಳು ಎದೆಗೆ ಹೋದರೆ ವಾಪಸ್ ಬರಲ್ಲ" ಎಂದು ಗದರಿದ್ದರು. ಆ ಮಾತು ಬೇರೆಯವರಿಗಿಂತ ನನಗೆ ಹೆಚ್ಚು ತಟ್ಟಿತು. ಬಂಡೆ ಕೊರೆದ ಧೂಳು ಎದೆ ಸೇರಿ, ತಾತ ರಾತ್ರಿಯಿಡೀ ಕೆಮ್ಮುತ್ತಿದ್ದುದನ್ನು ನೋಡಿದ್ದೆ. ಗಣಿಯಲ್ಲಿ ಅವರಿಗೆ ಹೀಗೆ ಗದರುವ ಒಬ್ಬರು ಇದ್ದಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಅವರು ಕಲಿಸಿದ ಇನ್ನೊಂದು ಪಾಠ ನನ್ನ ಈಗಿನ ಕೆಲಸಕ್ಕೆಲ್ಲ ಆಧಾರ. ಒಮ್ಮೆ ಲೈಬ್ರರಿಯಲ್ಲಿ ರೆಂಬ್ರಾಂಟ್‌ನ 'ಮೂರು ಶಿಲುಬೆಗಳು' ತೆರೆದಿಟ್ಟರು. 1653ರಲ್ಲಿ ಮಾಡಿದ ಅದೇ ತಗಡನ್ನು ಅವನು ಮತ್ತೆ ಮತ್ತೆ ತಿದ್ದಿದ್ದಾನೆ. ಹಾಗೆ ತಿದ್ದಿದ ಒಂದೊಂದು ಹಂತಕ್ಕೆ 'ಸ್ಥಿತಿ' ಎನ್ನುತ್ತೇವೆ. ನಾಲ್ಕನೆಯ ಸ್ಥಿತಿಗೆ ಬರುವ ಹೊತ್ತಿಗೆ ಎಷ್ಟೋ ಜನರನ್ನು ಕೆರೆದು ತೆಗೆದು, ಕತ್ತಲನ್ನು ಮೇಲಿಂದ ಸುರಿದಿದ್ದಾನೆ. ತಗಡು ಒಂದೇ ಆದರೂ ಚಿತ್ರ ಪೂರ್ತಿ ಬೇರೆ. ಅಂದಿನಿಂದ ನಮ್ಮ ಬ್ಯಾಚಿನವರು ಯಾರೂ ಪ್ರೂಫ್ (ಪರೀಕ್ಷೆಗೆಂದು ತೆಗೆದ ಪ್ರತಿ) ಹರಿದು ಎಸೆಯಲಿಲ್ಲ. ತಗಡನ್ನು ತಿದ್ದಿದಾಗಲೆಲ್ಲ ಒಂದು ಪ್ರೂಫ್ ತೆಗೆದು, ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟುಕೊಳ್ಳುವ ಅಭ್ಯಾಸ ಬಂತು.

ಓದು ಮುಗಿಸಿ ಊರಿಗೆ ಹೋದಾಗ ಮಾಡಬೇಕಾದ ಕೆಲಸ ಕಣ್ಣೆದುರಿಗೇ ಇತ್ತು. ನಮ್ಮ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಚಿನ್ನ ತೆಗೆದುಳಿದ ಮೂರು ಕೋಟಿ ಟನ್‌ಗೂ ಹೆಚ್ಚು ಪುಡಿ ಸಯನೈಡ್ ದಿಬ್ಬಗಳಾಗಿ ಊರಲ್ಲೇ ಉಳಿಯಿತು. ಗಾಳಿ ಎದ್ದರೆ ಆ ಪುಡಿ ಮನೆಯೊಳಗೆ ಬರುತ್ತದೆ. ಆ ದಿಬ್ಬಗಳನ್ನು ಬಣ್ಣದಲ್ಲಿ ಬರೆಯಲು ನನಗೆ ಮನಸ್ಸಾಗಲಿಲ್ಲ. ಸಿನಿಮಾದವರು ಬಂದು ಚೆಂದವಾಗಿ ತೋರಿಸಿ ಹೋಗುವ ಜಾಗ ಅದು. ಆಕ್ವಾಟಿಂಟ್‌ನಲ್ಲಿ ಮಾತ್ರ ಧೂಳನ್ನು ಧೂಳಿನಿಂದಲೇ ಬರೆಯಬಹುದು: ರಾಳದ ಪುಡಿ ತಗಡಿನ ಮೇಲೆ ಕೂರುತ್ತದೆ, ಕೆಳಗಿನಿಂದ ಬಿಸಿ ಕೊಟ್ಟರೆ ಕರಗಿ ಅಂಟುತ್ತದೆ, ಕಣ ಕಣದ ಸಂದಿನಲ್ಲಿ ಆ್ಯಸಿಡ್ ಕಚ್ಚುತ್ತದೆ. ಕಡಿಮೆ ಹೊತ್ತು ಬಿಟ್ಟರೆ ಬೂದು, ಹೆಚ್ಚು ಹೊತ್ತು ಬಿಟ್ಟರೆ ಗಾಢ ಕಪ್ಪು. ಮೇಲೆ ದಿಬ್ಬ, ಕೆಳಗೆ ಗಿಫರ್ಡ್ ಶಾಫ್ಟ್ ಎಂಬ ಗಣಿಬಾವಿ ಇಳಿದುಹೋಗುವ ಕಪ್ಪು, ಹೀಗೆ ಉದ್ದುದ್ದದ ತಗಡುಗಳ ಒಂದು ಸರಣಿ ಶುರು ಮಾಡಿದೆ. ಗಣಿಯ ಒಳಗೆ ನಾನು ಇಳಿದವಳಲ್ಲ. ಇಳಿಯಲು ಈಗ ಸಾಧ್ಯವೂ ಇಲ್ಲ, ಪಂಪುಗಳು ನಿಂತ ಮೇಲೆ ಒಳಗೆಲ್ಲ ನೀರು. ತಾತನ ಮಾತುಗಳೇ ನನಗೆ ದಾರಿ.

ಸರಣಿಯನ್ನು ಮೊದಲು ತೋರಿಸಿದ್ದು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಇನ್ನಿಬ್ಬರು ಗೆಳೆಯರ ಜೊತೆ ಗ್ಯಾಲರಿ ಬಾಡಿಗೆ ಹಂಚಿಕೊಂಡು. ಚೌಕಟ್ಟು, ಗಾಜು, ಸಾಗಣೆ, ಆಹ್ವಾನ ಪತ್ರಿಕೆ ಎಂದು ದುಡ್ಡು ಹೋದ ದಾರಿಯನ್ನು ಬರೆಯಹೋದರೆ ಈ ಸಂಚಿಕೆ ಸಾಲದು. ನೋಡಲು ಬಂದವರಲ್ಲಿ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: "ಇದು ಪ್ರಿಂಟ್ ಅಲ್ವಾ, ಒರಿಜಿನಲ್ ಎಲ್ಲಿದೆ?" ತಗಡಿಗೆ ಪ್ರತಿ ಸಲ ಕೈಯಿಂದ ಶಾಯಿ ತುಂಬಿ, ತೆಳು ಬಟ್ಟೆಯಿಂದ ಒರೆಸಿ, ನೆನೆಸಿದ ಕಾಗದ ಹೊದಿಸಿ ಪ್ರೆಸ್ ತಿರುಗಿಸಬೇಕು, ಹತ್ತು ಪ್ರತಿಗಳೂ ಒರಿಜಿನಲ್ಲೇ, ಮೂಲೆಯಲ್ಲಿ 3/10 ಎಂದಿರುವುದು ಹತ್ತರಲ್ಲಿ ಮೂರನೆಯದು ಎಂದು ತಿಳಿಸಿ ಹೇಳಿದೆ. ಬೇಸರವಿಲ್ಲದೆ ಹೇಳಿದೆ, ಯಾಕೆಂದರೆ ಆ ಪ್ರಶ್ನೆ ಕೇಳಿದವರೇ ಆಮೇಲೆ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡುತ್ತಿದ್ದರು. ಒಂದು ಗೋಡೆಯ ಮೇಲೆ ಒಂದೇ ತಗಡಿನ ಎಲ್ಲ ಸ್ಥಿತಿಗಳನ್ನೂ ಸಾಲಾಗಿ ತೂಗುಹಾಕಿದ್ದೆ. ಜನ ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಕೆಲವು ಪ್ರತಿಗಳು ಮಾರಾಟವೂ ಆದವು.

ಆದರೆ ಆ ಪ್ರದರ್ಶನ ಕೆಜಿಎಫ್‌ಗೆ ಹೋಗದಿದ್ದರೆ ನನ್ನ ಮಟ್ಟಿಗೆ ಅದು ಅರೆಬರೆ. ಪ್ರಿಂಟ್‌ಮೇಕಿಂಗ್‌ನ ದೊಡ್ಡ ಅನುಕೂಲ ಇದು: ಒಂದು ಪ್ರತಿ ಬೆಂಗಳೂರಿನ ಯಾರದೋ ಮನೆಯ ಗೋಡೆ ಸೇರಿದರೂ ಇನ್ನೊಂದನ್ನು ಊರಿಗೆ ಒಯ್ಯಬಹುದು. ಚೌಕಟ್ಟು ಬಿಚ್ಚಿ, ಮಾರಿಕುಪ್ಪಂ ರೈಲಿನಲ್ಲಿ ಎಲ್ಲವನ್ನೂ ತಂದು, ಕ್ವಾರ್ಟರ್ಸ್ ಹತ್ತಿರದ ಒಂದು ಸಮುದಾಯ ಭವನದಲ್ಲಿ ದಾರ ಕಟ್ಟಿ ಕ್ಲಿಪ್ ಹಾಕಿದೆವು. ಅಲ್ಲಿ ಯಾರೂ ಒರಿಜಿನಲ್ ಎಲ್ಲಿ ಎಂದು ಕೇಳಲಿಲ್ಲ. ಯಾವ ಶಾಫ್ಟ್, ಯಾವ ಲೆವೆಲ್ ಎಂದು ಕೇಳಿದರು. ತಾತನ ಜೊತೆ ಕೆಲಸ ಮಾಡಿದ ಒಬ್ಬರು, ನಾನು ಮಾಮ ಎಂದೇ ಕರೆಯುವವರು, ಕನ್ನಡಕ್ಕೆ ತಮಿಳು ಬೆರೆಸಿ ಹೇಳುತ್ತಾ ಹೋದರು: ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತಂತೆ. "ಕೆಳಗೆ ಎಲ್ಲಾ ಕಪ್ಪೇ, ನಿಜ. ಆದ್ರೆ ಲೈಟ್ ಬಿಟ್ರೆ ನಡುವೆ ಬೆಣಚುಕಲ್ಲಿನ ಪಟ್ಟೆ ಕಾಣ್ಸೋದಮ್ಮ. ನಾವು ಅದರ ಹಿಂದೇನೇ ಹೋಗ್ತಾ ಇದ್ದಿದ್ದು" ಎಂದು ಬೆರಳಿನಿಂದ ನನ್ನ ಚಿತ್ರದ ಮೇಲೆ ಓರೆಯಾಗಿ ಗೆರೆ ಎಳೆದು ತೋರಿಸಿದರು.

ಚಿನ್ನ ಇರುವ ಬೆಣಚುಕಲ್ಲಿನ ಆ ಗೆರೆ ತಾತ ಹೇಳಿದ್ದರಲ್ಲಿ ಇರಲಿಲ್ಲ. ವಾಪಸ್ ಬಂದು, ಮಾಮ ತೋರಿಸಿದ ಜಾಗದಲ್ಲೇ ಆಕ್ವಾಟಿಂಟ್‌ನ ಕಪ್ಪನ್ನು ಸ್ಕ್ರೇಪರ್‌ನಿಂದ ಕೆರೆದು, ಬರ್ನಿಷರ್‌ನಿಂದ ತಿಕ್ಕಿ ನುಣುಪು ಮಾಡುತ್ತಾ ಹೋದೆ. ತಿಕ್ಕಿದಷ್ಟೂ ಶಾಯಿ ಕಡಿಮೆ ಹಿಡಿದು ಬೆಳಕು ಬರುತ್ತದೆ. ಎಡಿಷನ್, ಅಂದರೆ ನಿಗದಿ ಮಾಡಿದಷ್ಟು ಪ್ರತಿಗಳು, ಮುಗಿದ ಮೇಲೆ ತಗಡಿಗೆ ಅಡ್ಡಗೆರೆ ಎಳೆದು ರದ್ದು ಮಾಡಬೇಕು ಎನ್ನುವವರಿದ್ದಾರೆ. ಕೊಂಡವರ ನಂಬಿಕೆಯ ಪ್ರಶ್ನೆ ಅದು, ನನಗೂ ಮುಖ್ಯ. ಹಾಗಾಗಿ ಹೊಸದನ್ನು ಎರಡನೆಯ ಎಡಿಷನ್ ಎಂದು ಬೇರೆಯಾಗಿಯೇ ಗುರುತು ಹಾಕಿ, ಮೊದಲು ಕೊಂಡವರಿಗೆಲ್ಲ ಪತ್ರ ಬರೆದು ತಿಳಿಸಿದೆ. ಆ ತಗಡಿನಲ್ಲಿ ಈಗ ತಾತನ ಜೊತೆ ಮಾಮನೂ ಇದ್ದಾರೆ. ರದ್ದು ಮಾಡಿದ್ದರೆ ಅವರಿಗೆ ಜಾಗವಿರುತ್ತಿರಲಿಲ್ಲ.

ಎರಡೂ ಎಡಿಷನ್‌ಗಳ ಒಂದೊಂದು ಪ್ರತಿಯನ್ನು ವಿಭಾಗಕ್ಕೆ ಕೊಟ್ಟಿದ್ದೇನೆ. ಕಿರಿಯರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮುಂದಿನ ಸರಣಿ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮೂರಿನ ಹೆಂಗಸರದು. ರಜೆಯಲ್ಲಿ ವಿಭಾಗದ ಪ್ರೆಸ್ ಮೇಲೆಯೇ ಮುದ್ರಿಸಲು ಮೇಷ್ಟ್ರು ಒಪ್ಪಿದ್ದಾರೆ. ಕಾಗದ ನೆನೆಸಲು, ಶಾಯಿ ಒರೆಸಲು ಜೊತೆಗೆ ಕೈಗಳು ಬೇಕು. ಆಸಕ್ತಿ ಇದ್ದವರು ಬನ್ನಿ.