ಅಮೈಲೇಸ್ ಏರಿದರೆ ಕಾಯಿಲೆಯೂ ಏರಿತೆಂದೇ?

ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ ಮಲಗಿರುವವರ ಕಡೆಯವರು ರಕ್ತಪರೀಕ್ಷೆಯ ವರದಿಯನ್ನು ಮುಂದೆ ಹಿಡಿದು ಕೇಳುವ ಪ್ರಶ್ನೆ ಬಹುಪಾಲು ಒಂದೇ: "ಬೆಳಿಗ್ಗೆ ಅಮೈಲೇಸ್ 900 ಇತ್ತು, ಈಗ 1200 ಆಗಿದೆ, ಕಾಯಿಲೆ ಜೋರಾಗುತ್ತಿದೆಯೇ?" ಆ ಅಂಕಿಯನ್ನು ನೋಡಿ ಹಾಗೆ ಹೇಳಲು ಬರುವುದಿಲ್ಲ. ಹಾನಿಗೆ ಚಾಲನೆ ಕೊಡುವ ಜೀರ್ಣಕಾರಿ ಕಿಣ್ವ ಒಂದು, ವರದಿಯಲ್ಲಿ ಅಳೆದಿರುವ ಅಮೈಲೇಸ್ ಎಂಬ ಕಿಣ್ವ ಇನ್ನೊಂದು.

ಮಾಂಸವನ್ನೇ ಕರಗಿಸಬಲ್ಲ ರಸವನ್ನು ತಯಾರಿಸುವ ಈ ಅಂಗ ತಾನೂ ಮಾಂಸವೇ ಆದ್ದರಿಂದ, ತನ್ನ ರಕ್ಷಣೆಗೆ ಒಂದರ ಮೇಲೊಂದು ಏರ್ಪಾಡು ಮಾಡಿಕೊಂಡಿದೆ. ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಅಲ್ಲಿ ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿ ಹುಟ್ಟಿ, ಪೊರೆ ಸುತ್ತಿದ ಕಣಗಳೊಳಗೆ ಶೇಖರವಾಗಿ, ಸಣ್ಣಕರುಳನ್ನು ತಲುಪಿ, ಅಲ್ಲಿನ ಗೋಡೆಯಲ್ಲಿರುವ ಎಂಟರೋಕೈನೇಸ್ ಎಂಬ ಕಿಣ್ವ ಅದರ ತುದಿಯ ತುಣುಕೊಂದನ್ನು ತುಂಡರಿಸಿದ ಮೇಲಷ್ಟೇ ಕೆಲಸಕ್ಕಿಳಿಯುತ್ತದೆ. ದಾರಿಯಲ್ಲಿ ಒಂದಿಷ್ಟು ಅಕಾಲದಲ್ಲಿ ಎಚ್ಚೆತ್ತರೆ ಅದನ್ನು ಕಟ್ಟಿಹಾಕುವ ಪ್ರೋಟೀನೂ ಅದೇ ಕಣಗಳಲ್ಲಿರುತ್ತದೆ.

ಪಿತ್ತದ ಕಲ್ಲು ನಾಳದ ಬಾಯಿಗೆ ಸಿಕ್ಕಿಕೊಂಡಾಗಲೋ ಮದ್ಯದ ಹೊಡೆತ ಬಿದ್ದಾಗಲೋ ಈ ಏರ್ಪಾಡು ಕುಸಿಯುತ್ತದೆ. ಕಿಣ್ವದ ಕಣಗಳು ಹೊರಹೋಗುವ ಬದಲು ಜೀವಕೋಶದೊಳಗೇ ಉಳಿದು, ಕೋಶದ ಕಸವನ್ನು ಕರಗಿಸುವ ಚೀಲಗಳಾದ ಲೈಸೋಸೋಮ್‌ಗಳೊಂದಿಗೆ ಬೆರೆಯುತ್ತವೆ. ಅಲ್ಲಿರುವ ಕ್ಯಾಥೆಪ್ಸಿನ್ ಬಿ ಎಂಬ ಕಿಣ್ವ, ಕರುಳಿನಲ್ಲಿ ಆಗಬೇಕಾದ ಕತ್ತರಿಕೆಯನ್ನು ಇಲ್ಲೇ ಮಾಡಿಬಿಡುತ್ತದೆ. ಎಚ್ಚೆತ್ತ ಟ್ರಿಪ್ಸಿನ್ ಉಳಿದವನ್ನೂ ಎಬ್ಬಿಸುತ್ತದೆ: ಎಲಾಸ್ಟೇಸ್ ರಕ್ತನಾಳದ ಗೋಡೆಯನ್ನು ತಿನ್ನುತ್ತದೆ, ಫಾಸ್ಫೋಲೈಪೇಸ್ ಕೋಶಗಳ ಪೊರೆಯನ್ನು ಹರಿಯುತ್ತದೆ. ಸಕ್ರಿಯ ರೂಪದಲ್ಲೇ ಹುಟ್ಟುವ ಲೈಪೇಸ್ ಸೋರಿ ಸುತ್ತಲಿನ ಕೊಬ್ಬನ್ನು ಒಡೆಯುತ್ತದೆ. ಬಿಡುಗಡೆಯಾದ ಕೊಬ್ಬಿನ ಆಮ್ಲಗಳು ಕ್ಯಾಲ್ಸಿಯಂ ಜತೆ ಕೂಡಿ ಅಕ್ಷರಶಃ ಸಾಬೂನಾಗುತ್ತವೆ. ಹೊಟ್ಟೆ ತೆರೆದಾಗ ಕೊಬ್ಬಿನ ಮೇಲೆ ಸುಣ್ಣ ಚಿಮುಕಿಸಿದಂತೆ ಕಾಣುವ ಬಿಳಿ ಚುಕ್ಕೆಗಳು ಇವೇ. ರೋಗಿಯ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದಕ್ಕೂ ಇದು ಒಂದು ಕಾರಣ.

ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ ಎಂದು ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1896ರಲ್ಲೇ ಹೇಳಿದ್ದರು. ಸರಿಯಾಗಿ ನೂರು ವರ್ಷಕ್ಕೆ, 1996ರಲ್ಲಿ, ವಂಶಪಾರಂಪರ್ಯವಾಗಿ ಬರುವ ಉರಿಯೂತದ ಹಿಂದೆ ಟ್ರಿಪ್ಸಿನೋಜನ್ ವಂಶವಾಹಿಯ ದೋಷವಿರುವುದು ಪತ್ತೆಯಾಯಿತು. ಹಾಗೆಂದು ಎಲ್ಲವನ್ನೂ ಟ್ರಿಪ್ಸಿನ್ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಉರಿಯೂತದ ಸಂಕೇತಗಳು ಕೋಶದೊಳಗೆ ಅದರ ಹಂಗಿಲ್ಲದೆಯೂ ಹೊತ್ತಿಕೊಳ್ಳುತ್ತವೆ. ಕಾಯಿಲೆ ಶ್ವಾಸಕೋಶ, ಮೂತ್ರಪಿಂಡಗಳಿಗೆ ಹಬ್ಬುವುದರಲ್ಲಿ ಬಿಳಿ ರಕ್ತಕಣಗಳ ಪಾಲು ದೊಡ್ಡದು. ಕಿಣ್ವವನ್ನು ತಡೆಯುವ ಔಷಧಗಳು ರೋಗಿಗಳಲ್ಲಿ ನಿರೀಕ್ಷಿಸಿದಷ್ಟು ಫಲ ಕೊಡದಿರುವುದು ಬಹುಶಃ ಇದರಿಂದಲೇ.

ಇನ್ನು ಅಮೈಲೇಸ್. ಅದು ಪಿಷ್ಟವನ್ನು ಒಡೆಯುವ ಕಿಣ್ವ, ಗ್ರಂಥಿಯಲ್ಲಿ ಅದಕ್ಕೆ ಒಡೆಯಲು ಪಿಷ್ಟವೇ ಇಲ್ಲ. ಗೋಡೆ ಬಿರುಕು ಬಿಟ್ಟಿದೆ ಎಂಬುದಕ್ಕೆ ಅದು ಸಾಕ್ಷಿ ಮಾತ್ರ. ಸಹಜ ಮಿತಿಯ ಮೂರು ಪಟ್ಟನ್ನು ಅಮೈಲೇಸ್ ಅಥವಾ ಲೈಪೇಸ್ ದಾಟಿದ್ದರೆ, ಹೊಟ್ಟೆನೋವೂ ತಕ್ಕಂತಿದ್ದರೆ, ರೋಗನಿರ್ಣಯಕ್ಕೆ ಅಷ್ಟು ಸಾಕು. ಅಮೈಲೇಸ್ ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಲೈಪೇಸ್ ಇನ್ನೂ ಕೆಲವು ದಿನ ಮೇಲೆಯೇ ಇರುತ್ತದೆ. ಅಂಕಿ ಇಳಿಯುತ್ತಿರುವಾಗಲೇ ಗ್ರಂಥಿಯ ಒಂದು ಭಾಗ ಸಾಯುತ್ತಿರಬಹುದು. ಆದ್ದರಿಂದ ಅದಕ್ಕಾಗಿ ದಿನವೂ ರಕ್ತ ತೆಗೆಸಬೇಕಿಲ್ಲ. ಉಸಿರಾಟ ಹೇಗಿದೆ, ರಕ್ತದೊತ್ತಡ ನಿಂತಿದೆಯೇ, ಮೂತ್ರ ಎಷ್ಟು ಬಂತು, ಯೂರಿಯಾ ಏರಿದೆಯೇ ಎಂದು ವೈದ್ಯರನ್ನು ಕೇಳಿ.